ಗುಳ್ಳೆ ಓಡಿಹೋಗದ ಹಾಗೆ

ಅಕ್ಕಿಯೊಂದನ್ನೇ ನೆನೆಸಿ, ನುಣ್ಣಗೆ ರುಬ್ಬಿ, ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆ ಹಿಟ್ಟು ಹುಳಿಯಾಗಿರುತ್ತದೆ, ಆದರೆ ಇಟ್ಟ ಮಟ್ಟದಲ್ಲೇ ಇರುತ್ತದೆ. ಮೇಲೆ ತಿಳಿನೀರು, ತಳದಲ್ಲಿ ಗಸಿ. ಅದೇ ಅಕ್ಕಿಗೆ ಕಾಲು ಪಾಲು ಉದ್ದಿನಬೇಳೆ ರುಬ್ಬಿ ಸೇರಿಸಿದರೆ, ಏಪ್ರಿಲ್ ತಿಂಗಳಾದರಂತೂ, ಹಿಟ್ಟು ಮುಚ್ಚಳ ಎತ್ತಿಕೊಂಡು ಕಟ್ಟೆಗೆ ಇಳಿದಿರುತ್ತದೆ. ದೋಸೆ ಮಾಡುವ ಮನೆಗಳಿಗೆಲ್ಲ ಇದು ಗೊತ್ತು. ಯಾಕೆ ಹೀಗೆ ಎಂದು ಕೇಳಿದರೆ ಮಾತ್ರ ‘ಉದ್ದು ಹಾಕಿದರೆ ಉಬ್ಬುತ್ತದೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಅಕ್ಕಿ ಹಿಟ್ಟೂ ಹುಳಿಯಾಗಿದೆ ಎಂದರೆ ಅದರಲ್ಲೂ ಸೂಕ್ಷ್ಮಜೀವಿಗಳು ರಾತ್ರಿಯಿಡೀ ಕೆಲಸ ಮಾಡಿವೆ, ಒಂದಿಷ್ಟು ಅನಿಲವನ್ನೂ ಬಿಟ್ಟಿವೆ. ಆ ಅನಿಲ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಇನ್ನೊಂದು ಪ್ರಶ್ನೆಗೂ ಸಿಕ್ಕಂತೆ. ಮಗುವಿಗೆ ಗೋಧಿ ಕೂಡದೆಂದು ಡಾಕ್ಟರು ಹೇಳಿದ್ದಾರೆ, ಮನೆಯಲ್ಲಿ ಮತ್ತೊಬ್ಬರು ಹಾಲು–ಮೊಟ್ಟೆ ಬಿಟ್ಟಿದ್ದಾರೆ, ಭಾನುವಾರ ಬೆಳಗ್ಗೆ ಮಕ್ಕಳಿಗೆ ಕಾರ್ಟೂನಿನಲ್ಲಿ ಕಂಡಂಥ ದಪ್ಪನೆಯ, ಮೆತ್ತನೆಯ ಪ್ಯಾನ್‌ಕೇಕ್ ಬೇಕು. ಮೈದಾ, ಹಾಲು, ಬೆಣ್ಣೆ, ಮೊಟ್ಟೆ ಎಲ್ಲ ತೆಗೆದ ಮೇಲೆ ಅದರಲ್ಲಿ ಉಳಿಯುವುದೇನು? ಅಂಗಡಿಯಲ್ಲಿ ಇದಕ್ಕೆಂದೇ ಪೊಟ್ಟಣಗಳು ಬಂದಿವೆ, ಬೆಲೆ ನೋಡಿದರೆ ಹಸಿವು ಹೋಗುತ್ತದೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದುವ ಮೊದಲು ಮೈದಾ ಮತ್ತು ಮೊಟ್ಟೆ ಅಲ್ಲಿ ಏನು ಕೆಲಸ ಮಾಡುತ್ತಿದ್ದವು ಎಂದು ತಿಳಿದುಕೊಳ್ಳುವುದು ಲಾಭ.

ಗೋಧಿಯ ಜಿಗಿಬಲೆ

ಚಪಾತಿ ಹಿಟ್ಟಿನ ಒಂದು ಉಂಡೆಯನ್ನು ನೀರಿನಲ್ಲಿ ಹಿಡಿದು ಮೆಲ್ಲಗೆ ಹಿಸುಕುತ್ತಾ ಹೋಗಿ. ನೀರು ಬೆಳ್ಳಗಾಗುತ್ತದೆ, ಹೊರಬಂದದ್ದು ಪಿಷ್ಟ. ನಾಲ್ಕಾರು ಸಲ ನೀರು ಬದಲಿಸಿದ ಮೇಲೆ ಕೈಯಲ್ಲಿ ಉಳಿಯುವುದು ಎಳೆದರೆ ಹಿಗ್ಗುವ, ಬಿಟ್ಟರೆ ಕುಗ್ಗುವ ಬೂದುಬಣ್ಣದ ಮುದ್ದೆ. ಇಟಲಿಯ ಬೊಲೊನ್ಯಾದಲ್ಲಿ ಯಾಕೊಪೊ ಬೆಕ್ಕಾರಿ ಎಂಬ ವೈದ್ಯ–ವಿಜ್ಞಾನಿ 1728ರಲ್ಲಿ ಇದನ್ನು ಮಾಡಿ ತೋರಿಸಿದ. ಆ ಮುದ್ದೆಯೇ ಗ್ಲುಟೆನ್. ಗೋಧಿಯಲ್ಲಿರುವ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು, ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಆಗುವ ಬಲೆ ಅದು. ನಾವಿಲ್ಲಿ ಅದನ್ನು ಜಿಗಿಬಲೆ ಎನ್ನೋಣ. ಬ್ರೆಡ್ಡಿನಲ್ಲಿ ಯೀಸ್ಟ್ ಬಿಡುವ ಅನಿಲವನ್ನು ಹಿಡಿದಿಡುವುದು, ಪೂರಿಯಲ್ಲಿ ಹಬೆಯನ್ನು ಒಳಗೇ ಇಟ್ಟುಕೊಳ್ಳುವುದು ಇದೇ.

ಕೆಲವರ ದೇಹ ಈ ಬಲೆಯ ತುಣುಕುಗಳನ್ನು ಶತ್ರುವೆಂದು ತಿಳಿದು ತನ್ನದೇ ಸಣ್ಣಕರುಳಿನ ಒಳಗೋಡೆಯ ಮೇಲೆ ಎರಗುತ್ತದೆ. ಅದೇ ಸೀಲಿಯಾಕ್ ಕಾಯಿಲೆ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಗಟ್ಟಿಮಾಡಿದವರು ಹೇಗ್ ನಗರದಲ್ಲಿದ್ದ ಡಚ್ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ ಸಿಗದೆ ಜನ ಟ್ಯೂಲಿಪ್ ಗಡ್ಡೆ ತಿಂದು ಬದುಕಿದರು. ಊರೆಲ್ಲ ಸೊರಗಿದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಮತ್ತೆ ಮಲಗಿದರು. ಮೊದಲೇ ಗೋಧಿಯ ಮೇಲೆ ಗುಮಾನಿಯಿದ್ದ ಡಿಕ್ಕೆ 1950ರಲ್ಲಿ ತಮ್ಮ ಪ್ರಬಂಧ ಮಂಡಿಸಿದರು. ಇಂದಿಗೂ ಇದಕ್ಕೆ ಇರುವ ಮದ್ದು ಒಂದೇ: ಗೋಧಿ, ಬಾರ್ಲಿ, ರೈ ಮೂರನ್ನೂ ಜೀವನಪರ್ಯಂತ ಬಿಡುವುದು.

ಪ್ಯಾನ್‌ಕೇಕಿನ ವಿಷಯಕ್ಕೆ ಬಂದರೆ ಒಂದು ವಿನೋದವಿದೆ. ಯಾವ ಅಡುಗೆ ಪುಸ್ತಕ ತೆರೆದರೂ ಮೈದಾ ಹಿಟ್ಟನ್ನು ಹೆಚ್ಚು ಕಲಸಬೇಡಿ, ಗಂಟು ಉಳಿದರೂ ಪರವಾಗಿಲ್ಲ ಎಂದಿರುತ್ತದೆ. ಕಲಸಿದಷ್ಟೂ ಜಿಗಿಬಲೆ ಬಲಿಯುತ್ತದೆ, ಪ್ಯಾನ್‌ಕೇಕ್ ಅಗಿಯಬೇಕಾದಷ್ಟು ಗಡುಸಾಗುತ್ತದೆ. ಅಂದರೆ ಮೈದಾ ಬಳಸುವವರೇ ಅದರ ಗ್ಲುಟೆನ್ನಿಗೆ ಹೆದರುತ್ತಾರೆ! ಗ್ಲುಟೆನ್ ಇಲ್ಲದೆ ಬ್ರೆಡ್ ಮಾಡುವುದು ನಿಜಕ್ಕೂ ಕಷ್ಟ, ಉಬ್ಬುವ ಫುಲ್ಕ ಇನ್ನೂ ಕಷ್ಟ. ಪ್ಯಾನ್‌ಕೇಕಿಗೆ ಅದರಿಂದ ಆಗುವ ನಷ್ಟ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ.

ಮೊಟ್ಟೆ ಹೋದರೆ ಹೋಗುವುದೇನು

ದೊಡ್ಡ ನಷ್ಟ ಮೊಟ್ಟೆಯದು. ಅದು ಮೂರು ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಬೀಟ್ ಮಾಡಿದಾಗ ಬಿಳಿಭಾಗದ ಪ್ರೋಟೀನು ಗಾಳಿಗುಳ್ಳೆಗಳ ಮೈಗೆ ಹರಡಿಕೊಂಡು ತೆಳುವಾದ ಪೊರೆಯಾಗುತ್ತದೆ. ಹಳದಿಭಾಗ ಎಣ್ಣೆಯನ್ನೂ ನೀರನ್ನೂ ಬೇರ್ಪಡದಂತೆ ಬೆರೆಸಿಡುತ್ತದೆ. ಬಿಸಿ ತಾಗಿದಾಗ, ಸುಮಾರು 62 ಡಿಗ್ರಿ ಸೆಲ್ಸಿಯಸ್ಸಿನಿಂದ ಮೇಲಕ್ಕೆ, ಇಡೀ ಮಿಶ್ರಣ ಹೆಪ್ಪುಗಟ್ಟಿ ಗುಳ್ಳೆಗಳು ಇದ್ದಲ್ಲೇ ನಿಲ್ಲುತ್ತವೆ.

ಒಂದು ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಕದಡಿಟ್ಟರೆ ಅದು ಒಂದು ಮೊಟ್ಟೆಗೆ ಸಮ ಎನ್ನುತ್ತಾರೆ. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಚಟ್ನಿಪುಡಿಗೆ ಇಟ್ಟಿರುವ ಅದೇ ಅಗಸೆ. ಬೀಜದ ಸಿಪ್ಪೆಯಲ್ಲಿರುವ ಲೋಳೆ ನೀರು ಹೀರಿ, ಹತ್ತು ನಿಮಿಷದಲ್ಲಿ ಮೊಟ್ಟೆಯ ಬಿಳಿಯ ಹಾಗೇ ಜಾರುವಂತಾಗುತ್ತದೆ. ಆದರೆ ಸಮ ಎನ್ನುವುದು ಸ್ವಲ್ಪ ಧಾರಾಳದ ಮಾತು. ಅಗಸೆ ಮಿಶ್ರಣವನ್ನು ಗಟ್ಟಿಮಾಡುತ್ತದೆ, ಎಣ್ಣೆಯನ್ನು ಅಷ್ಟಿಷ್ಟು ಹಿಡಿದಿಡುತ್ತದೆ. ಕಾಸಿದರೆ ಹೆಪ್ಪುಗಟ್ಟುವುದಿಲ್ಲ. ಮೂರು ಕೆಲಸದಲ್ಲಿ ಅದಕ್ಕೆ ಬರುವುದು ಒಂದೂವರೆ. ಮಿಕ್ಕದ್ದನ್ನು ಬೇರೆ ಯಾರಾದರೂ ಮಾಡಬೇಕು.

ಕೆಸರುಗದ್ದೆಯ ಓಟ

ಮಳೆಗಾಲದಲ್ಲಿ ಕರಾವಳಿಯ ಊರುಗಳಲ್ಲಿ ಕೆಸರುಗದ್ದೆ ಓಟ ನಡೆಯುತ್ತದೆ. ಡಾಂಬರು ರಸ್ತೆಯಲ್ಲಿ ಬಾಣದಂತೆ ಓಡುವ ಹುಡುಗ ಮೊಣಕಾಲುದ್ದ ಕೆಸರಿನಲ್ಲಿ ಹೆಜ್ಜೆ ಕಿತ್ತಿಡಲು ಒದ್ದಾಡುತ್ತಾನೆ. ಹಿಟ್ಟಿನೊಳಗಿನ ಅನಿಲದ ಗುಳ್ಳೆಗೂ ಇದೇ ಕಥೆ. ಹಗುರವಾದ್ದರಿಂದ ಅದಕ್ಕೆ ಮೇಲೇರಿ ಓಡಿಹೋಗುವ ತವಕ. ನೀರಾದ ಹಿಟ್ಟಿನಲ್ಲಿ ತಡೆಯುವವರಿಲ್ಲ, ಹೊರಟದ್ದೇ ಗುರಿ ಮುಟ್ಟುತ್ತದೆ. ಹಿಟ್ಟು ಎರಡರಷ್ಟು ಗಟ್ಟಿಯಾದರೆ ಗುಳ್ಳೆಯ ವೇಗ ಅರ್ಧಕ್ಕಿಳಿಯುತ್ತದೆ.

ಇನ್ನೊಂದು ಲೆಕ್ಕವೂ ಇದೆ, ಇದು ಹೆಚ್ಚು ಮುಖ್ಯ. ಗುಳ್ಳೆಯ ಅಡ್ಡಳತೆ ಎರಡರಷ್ಟಾದರೆ ವೇಗ ನಾಲ್ಕರಷ್ಟಾಗುತ್ತದೆ. ಎರಡು ಪುಟ್ಟ ಗುಳ್ಳೆಗಳು ಒಡೆದು ಒಂದಾದರೆ ಅದು ಮೊದಲಿಗಿಂತ ಬಿರುಸಾಗಿ ಓಡುತ್ತದೆ, ದಾರಿಯಲ್ಲಿ ಮತ್ತಷ್ಟನ್ನು ಸೇರಿಸಿಕೊಂಡು ಇನ್ನೂ ದೊಡ್ಡದಾಗುತ್ತದೆ. ಆದ್ದರಿಂದ ಹಿಟ್ಟು ದಪ್ಪವಿದ್ದರಷ್ಟೇ ಸಾಲದು. ಗುಳ್ಳೆಗಳು ಚಿಕ್ಕವಾಗಿಯೇ, ಒಂದಕ್ಕೊಂದು ಸೇರದೆ ಉಳಿಯಬೇಕು. ಅದಕ್ಕೆ ಪ್ರತಿ ಗುಳ್ಳೆಯ ಸುತ್ತ ಒಂದು ಗಟ್ಟಿ ಪೊರೆ ಬೇಕು. ಗುಳ್ಳೆಪೊರೆ ಎನ್ನೋಣ.

ಕೊನೆಯದಾಗಿ, ಎಷ್ಟೇ ತಡೆದರೂ ಗುಳ್ಳೆ ಎಂದಾದರೂ ಪಾರಾಗಿಯೇ ಹೋಗುತ್ತದೆ. ಅಷ್ಟರೊಳಗೆ ಅದರ ಸುತ್ತಲಿನ ಹಿಟ್ಟು ಬೆಂದು ಗೋಡೆಯಾಗಬೇಕು. ದಪ್ಪ ಹಿಟ್ಟು, ಗುಳ್ಳೆಪೊರೆ, ಸಕಾಲಕ್ಕೆ ಕಟ್ಟುವ ಗೋಡೆ: ಗ್ಲುಟೆನ್ ಮತ್ತು ಮೊಟ್ಟೆ ಹಂಚಿಕೊಂಡು ಮಾಡುತ್ತಿದ್ದ ಕೆಲಸ ಇಷ್ಟೇ. ಇಷ್ಟನ್ನು ಯಾರು ಮಾಡಿದರೂ ಪ್ಯಾನ್‌ಕೇಕಿಗೆ ಬೇಸರವಿಲ್ಲ.

ಮೈಸೂರಿನಲ್ಲಿ ಬಿಡಿಸಿದ ಒಗಟು

ಉದ್ದಿಗೆ ಈ ಮೂರು ಕೆಲಸದಲ್ಲಿ ಎಷ್ಟು ಬರುತ್ತದೆ ಎಂದು ಹುಡುಕಿದ್ದು ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಚೆಲುವಾಂಬ ಮಹಲಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಅಲ್ಲಿ 1970ರ ದಶಕದಲ್ಲಿ ಎನ್. ಎಸ್. ಸುಶೀಲಮ್ಮ ಮತ್ತು ಎಂ. ವಿ. ಎಲ್. ರಾವ್ ಉದ್ದಿನಬೇಳೆಯ ಅಂಶಗಳನ್ನು ಬೇರೆ ಬೇರೆ ಮಾಡಿ, ಇಡ್ಲಿಯಂಥ ತಿನಿಸಿನ ಮೆದುತನಕ್ಕೆ ಯಾವುದು ಕಾರಣ ಎಂದು ಪರೀಕ್ಷಿಸಿದರು. ಸಿಕ್ಕಿದ್ದು ಒಂದಲ್ಲ, ಎರಡು. ಒಂದು, ಗ್ಲಾಬ್ಯುಲಿನ್ ಗುಂಪಿನ ಪ್ರೋಟೀನು. ಇದು ನೀರು–ಗಾಳಿ ಸೇರುವ ಗಡಿಗೆ ಹೋಗಿ ಕೂರುತ್ತದೆ, ಗುಳ್ಳೆಪೊರೆಯಾಗುತ್ತದೆ. ಎರಡು, ಅರಾಬಿನೊಗ್ಯಾಲಕ್ಟನ್ ಎಂಬ, ಸಕ್ಕರೆಕಣಗಳ ಸರಪಳಿಯಿಂದಾದ ಲೋಳೆ. ನೆನೆಸಿದ ಉದ್ದನ್ನು ಮುಟ್ಟಿದಾಗ ಬೆರಳಿಗೆ ಅಂಟುವ ಜಾರು ಇದರದೇ. ಇದು ಹಿಟ್ಟನ್ನು ದಪ್ಪವಾಗಿಸುತ್ತದೆ. ಹಬೆಯಲ್ಲಿ ಬಿಸಿಯೇರುತ್ತಿರುವಾಗಲೂ, ಪಿಷ್ಟ ಇನ್ನೂ ಗಟ್ಟಿಯಾಗಿರದ ಆ ಅಪಾಯದ ಹೊತ್ತಿನಲ್ಲೂ, ಗುಳ್ಳೆಗಳನ್ನು ಕುಸಿಯದಂತೆ ಕಾಯುತ್ತದೆ. ಅಕ್ಕಿಯಲ್ಲಿ ಈ ಲೋಳೆಯೂ ಇಲ್ಲ, ಹಾಗೆ ನೊರೆ ಕಟ್ಟುವ ಪ್ರೋಟೀನೂ ಇಲ್ಲ. ನಮ್ಮ ಮೊದಲ ಪ್ರಶ್ನೆಯ ಅನಿಲ ಹೋದ ದಾರಿ ಅದು.

ಅನಿಲ ಬಿಡುವವರು ಯಾರೆಂಬುದು ಅದಕ್ಕೂ ಮೊದಲೇ ಗೊತ್ತಾಗಿತ್ತು. 1965ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡವೊಂದು ಇಡ್ಲಿ ಹಿಟ್ಟನ್ನು ಪರೀಕ್ಷಿಸಿ, ಉಬ್ಬಿಸುವ ಮುಖ್ಯ ಕೆಲಸ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡೀಸ್ ಎಂಬ ಬ್ಯಾಕ್ಟೀರಿಯಾದ್ದು ಎಂದು ತೋರಿಸಿತು. ಅದನ್ನು ಹೊರಗಿನಿಂದ ಹಾಕಬೇಕಿಲ್ಲ, ಬೇಳೆಯ ಜೊತೆಗೇ ಬರುತ್ತದೆ. ಹುಳಿ ಮತ್ತು ಅನಿಲ ಎರಡನ್ನೂ ಅದೇ ಕೊಡುತ್ತದೆ. ಅದಕ್ಕೆ ಹಿತವಾದದ್ದು ನಮ್ಮ ಬೇಸಿಗೆ ರಾತ್ರಿಯ ಸೆಕೆ. ನ್ಯೂಜೆರ್ಸಿಯ ಕನ್ನಡಿಗರು ಜನವರಿಯಲ್ಲಿ ಹಿಟ್ಟಿನ ಪಾತ್ರೆಯನ್ನು ಓವನ್ನಿನೊಳಗಿಟ್ಟು ದೀಪ ಮಾತ್ರ ಹಾಕಿ ಮಲಗುವುದು ಈ ಬ್ಯಾಕ್ಟೀರಿಯಾದ ಸೇವೆಗೆ.

ಉದ್ದು ಚೆನ್ನಾಗಿ ಒದಗಬೇಕಾದರೆ ಅಕ್ಕಿಯ ಜೊತೆ ಸೇರಿಸದೆ ಬೇರೆಯಾಗಿ ರುಬ್ಬಬೇಕು, ತಣ್ಣೀರು ಸ್ವಲ್ಪ ಸ್ವಲ್ಪವೇ ಚಿಮುಕಿಸಬೇಕು ಎಂದು ಹಿರಿಯರು ಹೇಳುತ್ತಾರೆ. ಅವರು ಮಾಡುತ್ತಿದ್ದುದು ಹಿಟ್ಟಿಗೆ ಗಾಳಿ ತುಂಬುವ ಕೆಲಸ. ಅನಿಲಕ್ಕೆ ಹಿಟ್ಟಿನ ನಡುವೆ ಹೊಸ ಗುಳ್ಳೆ ಹುಟ್ಟಿಸುವುದು ಬಹಳ ಕಷ್ಟ. ಮೊದಲೇ ಅಲ್ಲಿರುವ ಪುಟ್ಟ ಗಾಳಿಗುಳ್ಳೆಯನ್ನು ಹಿಗ್ಗಿಸುವುದು ಸುಲಭ. ಒರಳೋ ಗ್ರೈಂಡರೋ ಗಾಳಿಯನ್ನು ಸೇರಿಸಿಕೊಂಡು ತಿರುಗಿ ತಿರುಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಲೆಕ್ಕವಿಲ್ಲದಷ್ಟು ಕೂಡಿಡುತ್ತದೆ, ರಾತ್ರಿ ಹುಟ್ಟುವ ಅನಿಲ ಅವುಗಳೊಳಗೆ ಸೇರುತ್ತದೆ. ಮಿಕ್ಸಿ ನುಣ್ಣಗೇನೋ ಮಾಡುತ್ತದೆ, ಆದರೆ ಹಿಟ್ಟನ್ನು ಬಿಸಿಮಾಡುತ್ತದೆ, ಗಾಳಿ ಸೇರಿಸುವುದರಲ್ಲಿ ಜಿಪುಣ. ರುಬ್ಬಿದ ಉದ್ದಿನ ಒಂದು ಹನಿಯನ್ನು ನೀರಿಗೆ ಬಿಟ್ಟು ತೇಲುತ್ತದೆಯೇ ಎಂದು ನೋಡುವುದುಂಟಲ್ಲ, ಅದು ಗಾಳಿ ಸಾಕಷ್ಟು ಸೇರಿದೆಯೇ ಎಂಬ ಪಕ್ಕಾ ಪರೀಕ್ಷೆ. ಯಾವ ಪ್ರಯೋಗಾಲಯವೂ ಇದಕ್ಕಿಂತ ಅಗ್ಗದ ಉಪಕರಣ ಕೊಡಲಾರದು.

ಮೊದಲೇ ಬೆಂದ ಧಾನ್ಯ

ಸೆಟ್ ದೋಸೆಗೆ ಒಂದು ಹಿಡಿ ಅವಲಕ್ಕಿ ನೆನೆಸಿ ರುಬ್ಬುತ್ತೇವೆ. ದಾವಣಗೆರೆಯ ಬೆಣ್ಣೆ ದೋಸೆಗೆ ಮಂಡಕ್ಕಿ ಬೀಳುತ್ತದೆ. ಕೇರಳದವರು ಅಪ್ಪಂ ಮಾಡುವಾಗ ಸ್ವಲ್ಪ ಅಕ್ಕಿಯನ್ನು ಗಂಜಿಯಾಗಿ ಕಾಸಿ ಹಸಿ ಹಿಟ್ಟಿಗೆ ಬೆರೆಸುತ್ತಾರೆ, ಅದನ್ನು ಕಪ್ಪಿ ಎನ್ನುತ್ತಾರೆ. ಇಥಿಯೋಪಿಯದಲ್ಲಿ ಟೆಫ್ ಎಂಬ ಸಾಸಿವೆಗಿಂತ ಸಣ್ಣ ಧಾನ್ಯದಿಂದ ಇಂಜೆರಾ ಎಂಬ ದೊಡ್ಡ ದೋಸೆ ಮಾಡುತ್ತಾರೆ, ಗ್ಲುಟೆನ್ನೂ ಇಲ್ಲ, ಮೊಟ್ಟೆಯೂ ಇಲ್ಲ, ಮೇಲ್ಮೈ ತುಂಬ ಕಣ್ಣು ಕಣ್ಣು. ಅಲ್ಲಿ ಉದ್ದೂ ಇಲ್ಲ. ಆದರೆ ಹುಳಿಬಂದ ಹಿಟ್ಟಿನಲ್ಲಿ ಒಂದು ಪಾಲು ತೆಗೆದು ನೀರಿನಲ್ಲಿ ಬೇಯಿಸಿ ಮತ್ತೆ ಅದೇ ಹಿಟ್ಟಿಗೆ ಸುರಿಯುತ್ತಾರೆ. ಅದರ ಹೆಸರು ಅಬ್ಸಿತ್.

ಪಿಷ್ಟದ ಕಣ ತಣ್ಣೀರಿನಲ್ಲಿ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ಹಾಗಾಗಿ ಹಸಿ ಅಕ್ಕಿಹಿಟ್ಟು ತಳಕ್ಕೆ ಕೂರುತ್ತದೆ. ಅಕ್ಕಿಯ ತಳಿಗೆ ತಕ್ಕಂತೆ ಸುಮಾರು 65ರಿಂದ 75 ಡಿಗ್ರಿಗೆ ಬಿಸಿಯಾದಾಗ ಅದು ನೀರು ಕುಡಿದು ಉಬ್ಬಿ, ಬಾಯಿಬಿಟ್ಟು, ಸುತ್ತಲಿನದನ್ನೆಲ್ಲ ಗಂಜಿಗಟ್ಟಿಸುತ್ತದೆ. ಅವಲಕ್ಕಿ, ಮಂಡಕ್ಕಿ, ಕಪ್ಪಿ, ಅಬ್ಸಿತ್ ಎಲ್ಲವೂ ಈಗಾಗಲೇ ಗಂಜಿಗಟ್ಟಿದ ಪಿಷ್ಟ. ಒಲೆ ಹಚ್ಚುವ ಮೊದಲೇ ಅವು ಹಿಟ್ಟನ್ನು ದಪ್ಪಮಾಡುತ್ತವೆ, ಗುಳ್ಳೆಗೆ ಕೆಸರು ಸಿದ್ಧ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಅಡುಗೆಮನೆಗಳು ಒಂದೇ ಉಪಾಯಕ್ಕೆ ಬಂದು ನಿಂತದ್ದು ನನಗಂತೂ ಉದ್ದಿನ ಲೋಳೆಗಿಂತ ದೊಡ್ಡ ಸೋಜಿಗ.

ಮೆಂತ್ಯವನ್ನು ಇಲ್ಲಿ ಒಂದೇ ಮಾತಿನಲ್ಲಿ ಮುಗಿಸಬಹುದು: ಅದರದೂ ಲೋಳೆಯೇ, ಜೊತೆಗೆ ದೋಸೆಗೆ ಬಣ್ಣ.

ಕಾವಲಿಯ ಮೇಲೆ ಎರಡು ನಿಮಿಷ

ಕಾದ ಕಾವಲಿಗೆ ಹಿಟ್ಟು ಹೊಯ್ದಾಗ ತಳದ ಪದರ ಕ್ಷಣದಲ್ಲಿ ಗಂಜಿಗಟ್ಟುತ್ತದೆ. ಬಿಸಿ ಮೇಲಕ್ಕೆ ನಿಧಾನವಾಗಿ ಏರುತ್ತದೆ. ಅಷ್ಟರಲ್ಲಿ ಗುಳ್ಳೆಗಳೊಳಗಿನ ಅನಿಲ ಹಿಗ್ಗುತ್ತದೆ, ನೀರು ಹಬೆಯಾಗಿ ಅವುಗಳೊಳಗೆ ನುಗ್ಗುತ್ತದೆ, ಗುಳ್ಳೆಗಳು ಮೇಲ್ಮೈಗೆ ಬಂದು ಒಡೆಯುತ್ತವೆ. ಒಡೆದ ಜಾಗವನ್ನು ಹಸಿ ಹಿಟ್ಟು ತುಂಬಿಬಿಟ್ಟರೆ ಕಣ್ಣು ಮುಚ್ಚಿಹೋಗುತ್ತದೆ. ತುಂಬುವ ಮೊದಲೇ ಅಂಚು ಬೆಂದರೆ ತೂತು ಶಾಶ್ವತ. ಪ್ಯಾನ್‌ಕೇಕ್ ಮಗುಚಬೇಕಾದ ಹೊತ್ತನ್ನು ಹೇಳುವುದೂ ಇದೇ: ಒಡೆದ ಗುಳ್ಳೆಯ ಗುಳಿ ಮುಚ್ಚಿಕೊಳ್ಳದೆ ನಿಂತಾಗ. ಸೆಟ್ ದೋಸೆಯನ್ನು ಮಗುಚದೆ ಮುಚ್ಚಳ ಹಾಕಿ ಬೇಯಿಸುವುದುಂಟು, ಆಗ ಮೇಲ್ಭಾಗ ಹಬೆಯಲ್ಲಿ ಬೇಯುತ್ತದೆ, ಕಣ್ಣುಗಳು ಜಜ್ಜಿಹೋಗುವುದಿಲ್ಲ.

ಮಸಾಲೆ ದೋಸೆ ಇದಕ್ಕೆ ತದ್ವಿರುದ್ಧ. ಸೌಟಿನ ತಳದಿಂದ ತೆಳ್ಳಗೆ ಎಳೆಯುವಾಗ ಗುಳ್ಳೆಗಳು ಬಹುಪಾಲು ಸತ್ತೇಹೋಗುತ್ತವೆ. ಅಲ್ಲಿ ಬೇಕಿರುವುದು ಗರಿ, ಮೆದುತನವಲ್ಲ. ನೀರ್ ದೋಸೆಯ ತೂತುಗಳಂತೂ ಹುದುಗಿನವಲ್ಲವೇ ಅಲ್ಲ. ಆ ಹಿಟ್ಟು ನೀರಿನಷ್ಟೇ ತೆಳು, ರುಬ್ಬಿದ ಕೂಡಲೇ ಹೊಯ್ಯುವಂಥದ್ದು. ಕಾವಲಿ ತಾಗಿದ ನೀರು ಹಬೆಯಾಗಿ ಸಿಡಿದು ಹೊರಬಿದ್ದ ದಾರಿಗಳು ಅವು. ಅದಕ್ಕೇ ಕಾವಲಿ ಕಾಯದಿದ್ದರೆ ನೀರ್ ದೋಸೆಗೆ ಕಣ್ಣು ಬರುವುದಿಲ್ಲ.

ರಾತ್ರಿ ರುಬ್ಬಿಡಲು ಮರೆತಿದ್ದರೆ

ಹಾಗಾದರೆ ಭಾನುವಾರದ ಪ್ಯಾನ್‌ಕೇಕಿಗೆ ಸೆಟ್ ದೋಸೆ ಹಿಟ್ಟೇ ಸಾಕು. ಚಿಕ್ಕದಾಗಿ ಹೊಯ್ದು, ತೆಂಗಿನೆಣ್ಣೆ ಬಿಟ್ಟು, ಮೇಲೆ ಬೆಲ್ಲದ ಪಾಕ ಸುರಿದರೆ ಮಕ್ಕಳು ತಕರಾರು ಮಾಡುವುದಿಲ್ಲ. ಹಿಟ್ಟಿಗೇ ಸ್ವಲ್ಪ ಬೆಲ್ಲ ಕಲಸಿದರೆ ಇನ್ನೂ ಕೆಂಪಗೆ ಬೇಯುತ್ತದೆ, ಆದರೆ ಉರಿ ತಗ್ಗಿಸಬೇಕು, ಇಲ್ಲದಿದ್ದರೆ ತಳ ಕಪ್ಪಾಗುತ್ತದೆ.

ರುಬ್ಬಿಲ್ಲದಿದ್ದರೆ ದಪ್ಪ, ಪೊರೆ, ಗೋಡೆ ಈ ಮೂರು ಕೆಲಸಕ್ಕೂ ಬೇರೆ ಆಳು ಹುಡುಕಬೇಕು. ಒಂದು ಲೋಟ ರಾಗಿ ಹಿಟ್ಟಿಗೆ ಅರ್ಧ ಲೋಟ ಅಕ್ಕಿ ಹಿಟ್ಟು: ಗೋಡೆ ಕಟ್ಟಲು ಪಿಷ್ಟ. ನಾಲ್ಕು ಚಮಚ ರಾಗಿ ಹುರಿಹಿಟ್ಟು: ಅರಳಿದಾಗಲೇ ಅರೆಬೆಂದ ಧಾನ್ಯ, ಅವಲಕ್ಕಿಯ ಕೆಲಸ ಮಾಡುತ್ತದೆ. ಒಂದು ಕಳಿತ ಬಾಳೆಹಣ್ಣು, ನೆನೆಸಿದ ಅಗಸೆ ಪುಡಿ: ಕೆಸರು ಮತ್ತು ಲೋಳೆ. ನೀರು ಅಥವಾ ತೆಂಗಿನಹಾಲಿನಲ್ಲಿ ಸೆಟ್ ದೋಸೆಯ ಹದಕ್ಕೆ ಕಲಸಿ ಕಾಲು ಗಂಟೆ ಬಿಡಬೇಕು. ಒಣ ಹಿಟ್ಟು ನೀರು ಕುಡಿಯಲು ಹೊತ್ತು ಬೇಕು, ಅವಸರ ಮಾಡಿದರೆ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕಿದಂತಾಗುತ್ತದೆ. ಇಲ್ಲಿ ಎಷ್ಟು ಕಲಸಿದರೂ ಗಡುಸಾಗುವ ಭಯವಿಲ್ಲ, ಜಿಗಿಬಲೆಯೇ ಇಲ್ಲವಲ್ಲ! ಚೆನ್ನಾಗಿ ಬೀಸಿ ಕಲಸಿ, ಗಾಳಿ ಸೇರಲಿ.

ಅನಿಲಕ್ಕೆ ಸೋಡ. ಕಾಲು ಟೀ ಚಮಚ ಅಡುಗೆ ಸೋಡಕ್ಕೆ ಒಂದೂವರೆ ಟೀ ಚಮಚದಷ್ಟು ನಿಂಬೆರಸ ಬೇಕು. ಹುಳಿ ಸಾಲದಿದ್ದರೆ ಸೋಡ ಪೂರ್ತಿ ತಟಸ್ಥವಾಗದೆ ಸಾಬೂನಿನ ರುಚಿ ಉಳಿಸುತ್ತದೆ. ಇವೆರಡೂ ಸೇರಿದ ಕ್ಷಣದಿಂದಲೇ ಅನಿಲ ಹೊರಡುತ್ತದೆ, ಹಾಗಾಗಿ ಕಾವಲಿ ಕಾದ ಮೇಲೆ ನಿಂಬೆ ಹಿಂಡಿ, ಒಂದು ಸುತ್ತು ಕಲಸಿ, ತಕ್ಷಣ ಹೊಯ್ಯಬೇಕು. ಬೇಕಿಂಗ್ ಪೌಡರ್ ಇದ್ದರೆ ಇಷ್ಟು ಗಡಿಬಿಡಿ ಇಲ್ಲ. ಅದರಲ್ಲಿ ಒಣ ಆಮ್ಲ ಸೇರಿರುತ್ತದೆ, ಹಲವು ಬಗೆಗಳಲ್ಲಿ ಒಂದಿಷ್ಟು ಅನಿಲ ಬಿಸಿ ತಾಗಿದ ಮೇಲಷ್ಟೇ ಬರುತ್ತದೆ. ಉರಿ ಮಧ್ಯಮ. ದೊಡ್ಡ ಉರಿಯಲ್ಲಿ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ, ಗೋಡೆ ಕಟ್ಟದ ಒಳಭಾಗ ತಟ್ಟೆಗೆ ಬರುವಷ್ಟರಲ್ಲಿ ಕುಸಿಯುತ್ತದೆ.

ಉಳಿದವನ್ನು ಫ್ರಿಜ್ಜಿನಲ್ಲಿಡಬೇಡಿ. ಗಂಜಿಗಟ್ಟಿದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿದುಕೊಳ್ಳುತ್ತದೆ, ಫ್ರಿಜ್ಜಿನ ತಂಪಿನಲ್ಲಂತೂ ಅದು ಅತಿ ಬೇಗ. ಫ್ರೀಜರಿನಲ್ಲಿ ಅಷ್ಟು ಬಿಗಿಯುವುದಿಲ್ಲ, ತೆಗೆದು ನೀರು ಚಿಮುಕಿಸಿ ಕಾವಲಿಯಲ್ಲಿ ಬಿಸಿಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಗೋಧಿ ಕದ್ದು ಬರುವ ಬಾಗಿಲುಗಳು

ಸೀಲಿಯಾಕ್ ಇರುವವರ ಮನೆಯಲ್ಲಿ ಮೆದುತನಕ್ಕಿಂತ ದೊಡ್ಡ ಚಿಂತೆ ಇದು. ಗ್ಲುಟೆನ್ ರಹಿತ ಎಂದು ಬರೆದುಕೊಳ್ಳಲು ನಮ್ಮ ದೇಶದ ಆಹಾರ ನಿಯಮ ಒಪ್ಪುವ ಮಿತಿ ಒಂದು ಕಿಲೋಗೆ 20 ಮಿಲಿಗ್ರಾಂ. ಅಷ್ಟು ಚೂರು ಎಲ್ಲಿಂದಲೂ ಬರಬಹುದು. ರವೆ ದೋಸೆ ಹೆಸರಿಗೆ ದೋಸೆ, ಒಳಗೆಲ್ಲ ಗೋಧಿ. ಈಚೆಗೆ ಆರೋಗ್ಯಕ್ಕೆಂದು ಮಾರುವ ಕಪ್ಲಿ ಗೋಧಿಯೂ ಗೋಧಿಯೇ, ಹಳೆಯ ತಳಿ ಎಂಬ ಕಾರಣಕ್ಕೆ ಕರುಳು ರಿಯಾಯಿತಿ ಕೊಡುವುದಿಲ್ಲ. ಓಟ್ಸ್ ತನ್ನಷ್ಟಕ್ಕೆ ಬೇರೆ ಧಾನ್ಯವಾದರೂ ಗೋಧಿಯ ಜೊತೆ ಒಂದೇ ಯಂತ್ರದಲ್ಲಿ ಹಾದು ಬರುವುದುಂಟು. ಗಿರಣಿಯಲ್ಲಿ ನಿಮ್ಮ ರಾಗಿಗೆ ಮೊದಲು ಯಾರದೋ ಗೋಧಿ ಬೀಸಿದ್ದರೆ ಮೊದಲ ಸೇರು ಹಿಟ್ಟಿನಲ್ಲಿ ಅದೂ ಇರುತ್ತದೆ. ಆದ್ದರಿಂದ ರಾಗಿಯನ್ನು ಮನೆಯಲ್ಲೇ ಬೀಸಿಕೊಳ್ಳುವುದು ಅಥವಾ ಗ್ಲುಟೆನ್ ರಹಿತ ಎಂದು ಮುದ್ರಿಸಿದ ಪೊಟ್ಟಣ ಕೊಳ್ಳುವುದು ಕ್ಷೇಮ.

ಯಾರೂ ಗುಮಾನಿ ಪಡದ ವಸ್ತು ಇಂಗು. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಅಪ್ಪಟ ಇಂಗಲ್ಲ, ತೀಕ್ಷ್ಣತೆ ತಗ್ಗಿಸಲು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಬಹಳ ಸಲ ಗೋಧಿಯದು. ದೋಸೆಯನ್ನು ಎಷ್ಟೇ ಜತನದಿಂದ ಮಾಡಿದರೂ ಪಕ್ಕದ ಚಟ್ನಿಯ ಒಗ್ಗರಣೆಯಲ್ಲಿ ಅದು ಬಂದು ಕೂರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿ ತಿರುಗಿಸಿ ಓದಿ ಕೊಳ್ಳಬೇಕು. ಚಪಾತಿ ಬೇಯಿಸುವ ಕಾವಲಿಯಲ್ಲೇ ಮಗುವಿನ ದೋಸೆ ಹೊಯ್ಯದೆ, ಅದಕ್ಕೆಂದೇ ಒಂದು ಕಾವಲಿ, ಒಂದು ಮಗುಚುವ ಕೈ ಬೇರೆ ಇಟ್ಟುಕೊಳ್ಳಬೇಕು.